ಹಲಸಿನ ಪಟ್ಟಿಗೆ ಸಾಗವಾನಿಯ ಉತ್ತರ

ಮಾನ್ಯ ಪರೀಕ್ಷಾಂಗ ಕುಲಸಚಿವರೇ,

ಕಳೆದ ಏಪ್ರಿಲ್‌ನಲ್ಲಿ ನಿಮ್ಮ ವಿಶ್ವವಿದ್ಯಾಲಯ ನನ್ನ ತಂಗಿ ವಿನುತಾಳನ್ನು ಬಿ.ಎಸ್ಸಿ. ಮೊದಲ ವರ್ಷದ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಪಾಸು ಮಾಡಿತು. ಅವಳು ಮಾಡಿದ ತಪ್ಪೆಂದರೆ ಪ್ರಯೋಗವನ್ನು ಮಾಡಿದ್ದು. ಅದೇ ಮೇಜಿಗೆ ಬಂದು ಅದನ್ನು ಮಾಡದೆ ಎದ್ದುಹೋದ ಏಳು ಮಂದಿ ಪಾಸಾಗಿದ್ದಾರೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದರೆ, ಇದು ಒಂದೇ ಕಾಲೇಜಿನ ಕಥೆಯೆಂದು ನೀವು ಸಮಾಧಾನ ಪಟ್ಟುಕೊಳ್ಳಬಹುದು.

ನಾನು ಓದಿದವನಲ್ಲ. ನಮ್ಮ ಶಾಲೆಯಲ್ಲಿ ವಿಜ್ಞಾನದ ಕಪಾಟಿಗೆ ಬೀಗವಿತ್ತು. ಒಳಗಿನ ಅಯಸ್ಕಾಂತವನ್ನು ಗಾಜಿನಾಚೆಯಿಂದ ನೋಡಿ ಚಿತ್ರ ಬರೆಯಬೇಕಿತ್ತು. ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ನಾನು ಆ ಬೀಗ ತೆಗೆದೆ. ಯಾರು ತೆಗೆದದ್ದೆಂದು ಹೆಡ್‌ಮಾಸ್ತರರು ಕೇಳಿದಾಗ ಕೈ ಎತ್ತಿದೆ. ಎತ್ತಬಾರದಿತ್ತೆಂದು ಆಮೇಲೆ ಎಲ್ಲರೂ ಹೇಳಿದರು. ಶಾಲೆ ಅಲ್ಲಿಗೆ ಮುಗಿಯಿತು. ಅಲ್ಲಿಂದ ಕುಮಟಾದ ಸೈಕಲ್ ಅಂಗಡಿ, ಭಟ್ಕಳದ ಮಂಜುಗಡ್ಡೆ ಕಾರ್ಖಾನೆ, ಈಗ ನಾಲ್ಕು ವರ್ಷದಿಂದ ಹೊನ್ನಾವರದಲ್ಲಿ ಜಟ್ಟಿ ಆಚಾರಿಯವರ ಮರಗೆಲಸದ ಅಂಗಡಿ. ಭೌತಶಾಸ್ತ್ರದ ಬಗ್ಗೆ ನಾನೇಕೆ ಮಾತಾಡಬೇಕು ಎಂದರೆ, ನೀವು ಪರೀಕ್ಷೆ ನಡೆಸಿದ ಆ ಮರದ ಪಟ್ಟಿಯನ್ನು ಮಾಡಿದವನು ನಾನು.

ಪ್ರಯೋಗ ಸರಳವಾದದ್ದು. ಒಂದು ಮೀಟರ್ ಉದ್ದದ ಪಟ್ಟಿಯನ್ನು ಎರಡು ಆನಿಕೆಗಳ ಮೇಲಿಟ್ಟು, ಎರಡೂ ತುದಿಗೆ ತೂಕ ತೂಗುಹಾಕಿ, ನಡುಭಾಗ ಎಷ್ಟು ಮೇಲೇಳುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದರಿಂದ ಮರ ಎಷ್ಟು ಗಟ್ಟಿ ಎಂಬ ಲೆಕ್ಕ ಸಿಗುತ್ತದೆ. ಕಾಲೇಜಿನ ಹಳೆಯ ಪಟ್ಟಿ ಸಾಗವಾನಿಯದು. ೨೦೦೧ರ ಬೇಸಿಗೆಯಲ್ಲಿ ಪ್ರಯೋಗಾಲಯದ ಅಟೆಂಡರ್ ಪ್ರಕಾಶಣ್ಣ ಅದರಿಂದ ಕಾಲೇಜು ಹಿತ್ತಲಿನ ಮಾವಿನಕಾಯಿ ಉದುರಿಸಲು ಹೋದಾಗ ಅದು ಎರಡು ತುಂಡಾಯಿತು. ಹೊಸದು ಮಾಡಿಸಲು ನಮ್ಮ ಅಂಗಡಿಗೆ ಬಂದರು. ಸಾಗವಾನಿಯ ಅಷ್ಟುದ್ದದ ತುಂಡು ಇರಲಿಲ್ಲ. ಬಾಗಿಲ ಚೌಕಟ್ಟಿನಿಂದ ಉಳಿದ ಹಲಸು ಇತ್ತು.

“ಅಳತೆ ಸರಿ ಇದ್ರೆ ಆತು ಮಾರಾಯ, ಮರ ಯಾವ್ದಾದ್ರೆ ಎಂತ?” ಅಂದರು ಪ್ರಕಾಶಣ್ಣ. “ಬಣ್ಣ ಮಾತ್ರ ಹಳೇದ್ರ ಹಂಗೇ ಇರ್ಲಿ. ಸಾಹೇಬ್ರು ಕೇಳೂದು ಬ್ಯಾಡ.”

ನಾನು ಹಲಸನ್ನು ಕೀಸಿ, ಸಾಗವಾನಿಯ ಬಣ್ಣ ಹಚ್ಚಿ ಕೊಟ್ಟೆ. ಈ ವಿಷಯದಲ್ಲಿ ನನ್ನದೂ ತಪ್ಪಿದೆ. ಸಾಹೇಬರು ಕೇಳಲೂ ಇಲ್ಲ.

ಹಲಸು ಸಾಗವಾನಿಗಿಂತ ಹೆಚ್ಚು ಬಾಗುತ್ತದೆ. ಇದನ್ನು ತಿಳಿಯಲು ಪದವಿ ಬೇಡ. ಕೈಯಲ್ಲಿ ಒತ್ತಿದರೆ ಸಾಕು. ಆದರೆ ಪ್ರಯೋಗಾಲಯದ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಉತ್ತರ ೧.೨ ಎಂದಿದೆ. ಮುಂದಿನ ಸೊನ್ನೆಗಳನ್ನು ಬಿಟ್ಟು ಹೇಳುತ್ತಿದ್ದೇನೆ. ಎರಡು ವರ್ಷ ಎಲ್ಲ ವಿದ್ಯಾರ್ಥಿಗಳೂ ಹಲಸನ್ನು ಬಗ್ಗಿಸಿ ಸಾಗವಾನಿಯ ಉತ್ತರ ತೆಗೆದಿದ್ದಾರೆ. ಹೇಗೆ? ಮೊದಲು ಉತ್ತರ ಬರೆದು, ಅದಕ್ಕೆ ತಕ್ಕ ಅಳತೆಗಳನ್ನು ಹಿಂದಿನವರ ಜರ್ನಲ್‌ನಿಂದ ಇಳಿಸಿಕೊಂಡು. ತೂಕ ತೂಗುಹಾಕುವ ಶ್ರಮವಿಲ್ಲ. ನಮ್ಮ ಅಂಗಡಿಯಲ್ಲಿ ಹೀಗೆ ಅಳತೆ ಬರೆದರೆ ಬಾಗಿಲು ಹಾಕಲು ಬರುವುದಿಲ್ಲ. ನಿಮ್ಮಲ್ಲಿ ಪದವಿ ಬರುತ್ತದೆ.

ವಿನುತಾಳಿಗೆ ೦.೯ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರಂತೆ: “ಎಲ್ಲರಿಗೂ ಬಂದದ್ದು ನಿನಗೊಬ್ಬಳಿಗೆ ಯಾಕಮ್ಮ ಬರಲಿಲ್ಲ?”

“ಮೂರು ಸಲ ಮಾಡಿದೆ, ಸರ್. ಇಷ್ಟೇ ಬತ್ತದೆ.”

“ನಾಲ್ಕನೇ ಸಲ ಚೀಟಿ ನೋಡಿ ಮಾಡು.”

ಅವಳು ಚೀಟಿ ನೋಡಲಿಲ್ಲ. ಕೆಂಪು ಶಾಯಿ ಅಡ್ಡ ಬಿತ್ತು. ಫಲಿತಾಂಶ ಬಂದ ಸಂಜೆ ಅವಳು ಕೇಳಿದಳು: “ಅಣ್ಣಾ, ಆ ಪಟ್ಟಿ ನಿಮ್ಮ ಅಂಗಡಿದೇ ಅಲ್ದಾ? ಅದು ಯಾವ ಮರ?”

ಹೇಳಿದೆ. “ಹಂಗಾರೆ ನಂದು ಸರಿ” ಅಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದೇ ಹಲಸಿನ ಇನ್ನೊಂದು ತುಂಡು ಹಿಡಿದು ಕಾಲೇಜಿಗೆ ಹೋದೆ. ವಿಭಾಗದ ಮುಖ್ಯಸ್ಥರು ತುಂಡನ್ನು ನೋಡದೆ, “ಎಷ್ಟು ಓದಿದ್ದಿ?” ಎಂದರು. ಒಂಬತ್ತು, ಅದೂ ಅರ್ಧ ಎಂದೆ. ವಿಶ್ವವಿದ್ಯಾಲಯಕ್ಕೆ ಬರೆ ಎಂದರು. ಬರೆದೆ. ಪ್ರಾಯೋಗಿಕ ಪರೀಕ್ಷೆಗೆ ಮರುಮೌಲ್ಯಮಾಪನದ ಅವಕಾಶವಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಆ ಸಾಲು ಬರೆಯುವ ಮೊದಲು ನಿಮ್ಮಲ್ಲಿ ಯಾರಾದರೂ ಪಟ್ಟಿಯನ್ನು ಮುಟ್ಟಿದ್ದರೆ?

ಅಕ್ಟೋಬರ್‌ನಲ್ಲಿ ಮತ್ತೆ ಪರೀಕ್ಷೆಯಿದೆ. ೧.೨ ಎಂದು ಬರೆದು ಮುಗಿಸು ಎಂದು ಎಲ್ಲರೂ ಅವಳಿಗೆ ಹೇಳುತ್ತಿದ್ದಾರೆ. ಬರೆಯುವುದಿಲ್ಲ ಎನ್ನುತ್ತಾಳೆ. “ಬರಿಯೂದಿಲ್ಲ ಅಂದ್ರೆ ಕಾಲೇಜು ಸಾಕು, ಮನೇಲಿರು” ಎನ್ನುತ್ತಾರೆ ಅಮ್ಮ. ಓದು ಬಿಟ್ಟವನು ನಮ್ಮ ಮನೆಗೆ ಒಬ್ಬ ಸಾಕು.

ಹೋದ ವಾರ ಪ್ರಕಾಶಣ್ಣ ಮತ್ತೆ ಬಂದರು. “ದೇವು, ಈ ಸಲ ಸಾಗವಾನಿದೇ ಮಾಡಿಕೊಡು. ಎಲ್ಲ ಸರಿಯಾಗ್ತದೆ.”

ಎಲ್ಲ ಸರಿಯಾಗುತ್ತದೆ, ನಿಜ. ಚೀಟಿ ಸರಿಯಾಗುತ್ತದೆ, ಏಳು ಮಂದಿಯ ಉತ್ತರ ಸರಿಯಾಗುತ್ತದೆ. ವಿನುತಾಳದು ಮಾತ್ರ ತಪ್ಪಾಗುತ್ತದೆ, ತೋರಿಸಲು ಹಲಸಿನ ಪಟ್ಟಿಯೂ ಇರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪ್ರಯೋಗಾಲಯಕ್ಕೆ ಒಬ್ಬರನ್ನು ಕಳುಹಿಸಿ. ಆ ಪಟ್ಟಿಯ ತುದಿಯನ್ನು ಬ್ಲೇಡಿನಿಂದ ಕೆರೆಯಲಿ. ಬಣ್ಣದ ಕೆಳಗೆ ಹಲಸಿನ ಹಳದಿ ಕಾಣುತ್ತದೆ. ಆಮೇಲೆ ತೂಕ ತೂಗುಹಾಕಿ, ಚೀಟಿಗೆ ಬೆನ್ನು ಹಾಕಿ ಕೂತು, ಬಂದದ್ದನ್ನು ಬರೆಯಲಿ. ೦.೯ ಬಂದರೆ ನನ್ನ ತಂಗಿಯ ಅಂಕ ತಿದ್ದಿ.

ಸಾಗವಾನಿಯ ಪಟ್ಟಿ ಕೀಸಿ ಮುಗಿದಿದೆ. ಒಳ್ಳೆಯ ಮರ, ಬಣ್ಣ ಹಚ್ಚಿಲ್ಲ. ಅವಳ ಅಂಕ ಬಂದ ದಿನ ನಾನೇ ತಂದುಕೊಡುತ್ತೇನೆ. ಅಲ್ಲಿಯವರೆಗೆ ಅದು ನನ್ನ ಮಂಚದ ಕೆಳಗಿರುತ್ತದೆ.

ಇಂತಿ,
ನಿಮ್ಮ ಪರೀಕ್ಷೆಗೆ ಬಣ್ಣ ಹಚ್ಚಿದವ,
ದೇವು
ಒಂಬತ್ತನೆಯ ತರಗತಿ (ಅರ್ಧ)
ಹೊನ್ನಾವರ, ಆಗಸ್ಟ್ ೨೦೦೩