ಸತ್ತ ರಾಜನಿಗೆ ವನ್ಸ್ ಮೋರ್

೯ ಫೆಬ್ರವರಿ ೨೦೨೫, ಭಾನುವಾರ, ರಾಯದುರ್ಗ

ಥೂ. ರಾತ್ರಿ ಊಟವೂ ಸೇರಲಿಲ್ಲ.

ಎಷ್ಟೋ ವರ್ಷದಿಂದ ನಿಂತುಹೋಗಿದ್ದ ನಮ್ಮೂರ ಟೈಲರ್‌ಗಳೇ ಆಡುವ ಸಂಗೀತ ನಾಟಕಕ್ಕೆ ಇವತ್ತು ಮತ್ತೆ ಬಣ್ಣ ಹಚ್ಚಿದೆವು. ಹಾಡುಗಳೆಲ್ಲ ಫೋನಿನಿಂದ. ರಾಜನ ಪಾತ್ರದ ಭಾನುಪ್ರಕಾಶ ಬರೀ ಬಾಯಿ ಆಡಿಸಿದ. ಹಾರ್ಮೋನಿಯಂ ಮಾಸ್ತರನಾದ ನಾನು ಗಾಳಿ ಹಾಕದೆ ಬೆರಳಾಡಿಸುತ್ತ ಕುಳಿತಿದ್ದೆ.

ರಾಜ ಕೊನೆಯ ಪದ ಹಾಡಿ ಸತ್ತ. ಜನ ರೂಢಿಯಂತೆ "ವನ್ಸ್ ಮೋರ್" ಎಂದು ಕೂಗಿದರು. ಹಿಂದೆಲ್ಲ ಹೆಣ ಎದ್ದು, ಅದೇ ಪದವನ್ನು ಇನ್ನೂ ಚೆನ್ನಾಗಿ ಹಾಡಿ ಮತ್ತೆ ಸಾಯುತ್ತಿತ್ತು. ಇವತ್ತು ಫೋನು ಹಿಡಿದಿದ್ದ ಸಾಯಿಪ್ರಸಾದ ಗಾಬರಿಯಲ್ಲಿ ಮೊದಲ ಹಾಡನ್ನೇ ಒತ್ತಿಬಿಟ್ಟ. ಗಣಪತಿ ಸ್ತುತಿ ಶುರುವಾಯಿತು. ಹೆಣ ಎದ್ದು ಕೈ ಮುಗಿಯಿತು!

ಇಂಥದ್ದು ಬಳ್ಳಾರಿಯ ದೊಡ್ಡ ರಂಗಮಂದಿರಕ್ಕೆ ಯೋಗ್ಯವೇ? ಅಲ್ಲಿಗೆ ನಾಟಕ ಆರಿಸಲು ಬಂದಿದ್ದ ಸಂಘಟಕರಿಗೆ ಅದೇ ಹಿಡಿಸಿದೆ.

"ಸತ್ತ ಮ್ಯಾಲೆ ಸ್ತುತಿ! ಏನ್ ಪ್ರಯೋಗರೀ ಮಾಸ್ತರ! ಬಳ್ಳಾರ್ಯಾಗೂ ಹಿಂಗ ಮಾಡ್ರಿ. ನಿಮ್ಮ ಹಾರ್ಮೋನಿಯಂ ಪೇಟಿ ಭಾಳ ಭಾರ ಐತಿ, ಒಳಗಿಂದೆಲ್ಲ ಬಿಚ್ಚಿಟ್ಟು ಬರೀ ಡಬ್ಬಿ ತರ್ರಿ. ಹೆಂಗೂ ಬಾರ್ಸೋದಿಲ್ಲಲ್ಲ."

ಸುತ್ತ ನಿಂತ ಎಲ್ಲರ ಮುಖದಲ್ಲೂ ಬಳ್ಳಾರಿಯ ಆಸೆ. ನಾನು "ಆಗ್ಲಿ ಬಿಡ್ರಿ" ಎಂದೆ. ಇವತ್ತು ಆಡಿದ್ದರಲ್ಲೆಲ್ಲ ಅದೇ ಹೆಚ್ಚು ಹೇಸಿಗೆಯ ಮಾತು. ಮನೆಗೆ ಬಂದು ಬಾಯಿ ತೊಳೆದೆ, ಆ ಮಾತಿನ ಹೇಸಿಗೆ ಹೋಗಲಿಲ್ಲ.

ಅಪ್ಪನ ಕಾಲದ ಪೇಟಿ ಮೂಲೆಯಲ್ಲಿದೆ. ಇಷ್ಟೆಲ್ಲ ಬರೆಯುತ್ತಲೇ ಸ್ಕ್ರೂಡ್ರೈವರ್ ಎಲ್ಲಿಟ್ಟೆನೆಂದು ಯೋಚಿಸುತ್ತಿದ್ದೇನಲ್ಲ, ಥೂ, ನಾನೂ ಒಬ್ಬ ಮಾಸ್ತರನೇ!