ಹ್ವಾಸಾನ್‌ನವಳಿಗೆ ಗೊತ್ತಾಗಬಾರದು ಎಂದು ಊರಿಗೆಲ್ಲ ಸಾರಿದವರಿಗೆ

ಮಾನ್ಯರೇ,

ಬಾಮ್‌ಗೋಲ್ ಊರಿನ ಮುಖ್ಯಸ್ಥರೂ ಅದರ ಧ್ವನಿವರ್ಧಕದ ಏಕೈಕ ಒಡೆಯರೂ ಆದ ತಮ್ಮ ಮೇಲೆ ನನ್ನದೊಂದು ದೂರಿದೆ. ನನ್ನ ತಾಯಿಗೆ ಕ್ಯಾನ್ಸರ್ ಇರುವ ಸಂಗತಿಯನ್ನು, ಅದು ಅವಳಿಗೆ ಗೊತ್ತಾಗಬಾರದು ಎಂಬ ಎಚ್ಚರಿಕೆಯ ಸಮೇತ, ತಾವು ಈ ಜೂನ್ ತಿಂಗಳ ಒಂದು ಬೆಳಿಗ್ಗೆ ಇಡೀ ಊರಿಗೆ ಮೈಕಿನಲ್ಲಿ ಸಾರಿದಿರಿ. ಊರಿಗೆ ಎಂದರೆ ಊರಿನ ಪ್ರತಿಯೊಂದು ಅಡುಗೆಮನೆಗೆ. ಆ ಅಡುಗೆಮನೆಗಳಲ್ಲಿ ನನ್ನ ತಾಯಿಯದೂ ಒಂದು.

ಇಂಥ ದೂರನ್ನು ಪತ್ರಿಕೆಯಲ್ಲಿ ಬರೆಯುವುದು ಎಷ್ಟು ಹಾಸ್ಯಾಸ್ಪದವೆಂದು ನನಗೆ ಗೊತ್ತು. ಗುಟ್ಟು ಬಯಲಾಯಿತೆಂದು ಅಳುವವಳು ಅದನ್ನೇ ಜಿಲ್ಲೆಯ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾಳೆಯೇ ಎಂದು ತಾವು ಕೇಳಬಹುದು. ಉತ್ತರ ಕೊನೆಯಲ್ಲಿದೆ, ದಯವಿಟ್ಟು ಅಲ್ಲಿಯವರೆಗೆ ಓದಿ. ತಮ್ಮ ಪ್ರಕಟಣೆಗಳನ್ನು ನಾವೆಲ್ಲ ಕೊನೆಯವರೆಗೆ ಕೇಳಿಲ್ಲವೇ? ಕೇಳದೆ ನಮಗೆ ಗತಿಯಾದರೂ ಎಲ್ಲಿತ್ತು? ಕಂಬದ ಮೇಲಿನ ಹಾರ್ನ್‌ಗಳು ಸಾಲವೆಂದು ಮನೆಮನೆಗೂ ಒಂದು ಬಿಳಿಯ ಪೆಟ್ಟಿಗೆಯನ್ನು ಒಲೆಯ ಮೇಲಿನ ಗೋಡೆಗೆ ಬಡಿಸಿದ್ದೀರಿ. ಅದಕ್ಕೆ ಸದ್ದು ತಗ್ಗಿಸುವ ಗುಂಡಿಯಿದೆ, ಆರಿಸುವ ಗುಂಡಿಯಿಲ್ಲ. ಗೊಬ್ಬರ ಬಂದದ್ದು, ಕಣ್ಣಿನ ಡಾಕ್ಟರು ಬರುವುದು, ಯಾರದೋ ನಾಯಿ ಇನ್ಯಾರದೋ ಕೋಳಿ ಹಿಡಿದದ್ದು, ಎಲ್ಲವೂ ನಮಗೆ ತಿಳಿಯುವುದು ಅದರಿಂದಲೇ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಮೇ ತಿಂಗಳಲ್ಲಿ ಹಳ್ಳದ ದಂಡೆಯ ಕಳೆ ಕೀಳಲು ಮನೆಗೊಬ್ಬರು ಬರಬೇಕೆಂದು ತಾವು ಆಜ್ಞೆ ಹೊರಡಿಸಿದಿರಿ. ನಮ್ಮ ಮನೆಯಲ್ಲಿರುವುದು ಇಬ್ಬರೇ, ಅಮ್ಮ ಮತ್ತು ನಾನು. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಇರುವ ರಜೆಯೆಲ್ಲ ಅಮ್ಮನನ್ನು ದೇಗು ನಗರದ ಆಸ್ಪತ್ರೆಗೆ ಕರೆದೊಯ್ಯುವುದರಲ್ಲೇ ಮುಗಿಯುತ್ತಿತ್ತು. ವಿನಾಯಿತಿ ಕೇಳಲು ತಮ್ಮ ಕಚೇರಿಗೆ ಬಂದೆ, ಬಾಗಿಲು ಮುಚ್ಚಿದೆ, ದನಿ ತಗ್ಗಿಸಿದೆ. ಹೊಟ್ಟೆಯ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿದೆ, ಕೊಯ್ಯುವ ಹಾಗಿಲ್ಲ, ಅಮ್ಮನಿಗೆ ಹಳೆಯ ಹುಣ್ಣು ಎಂದಷ್ಟೇ ಹೇಳಿದ್ದೇವೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದೆ. ತಾವು ಕಾಗದದ ಲೋಟದಲ್ಲಿ ಸಿಹಿ ಕಾಫಿ ಬೆರೆಸಿ ಕೊಟ್ಟಿರಿ. ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಿರಿ. ತಾವು ಕೆಟ್ಟವರಾಗಿದ್ದರೆ ನನಗೆ ಈ ಪತ್ರ ಬರೆಯುವುದು ಎಷ್ಟೋ ಸುಲಭವಾಗುತ್ತಿತ್ತು.

ಅಮ್ಮನಿಗೆ ಏಕೆ ಹೇಳಲಿಲ್ಲ ಎಂದು ಈ ಜಿಲ್ಲೆಯಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರ ಮನೆಯಲ್ಲೂ ಹೀಗೇ ನಡೆಯುವುದು. ಡಾಕ್ಟರು ಅಮ್ಮನನ್ನು ತೂಕ ನೋಡಿಸಿಕೊಂಡು ಬರಲು ಆಚೆ ಕಳಿಸಿ, ವಿಷಯವನ್ನು ನನಗೆ ಹೇಳಿದರು. ಉಲ್ಸಾನ್‌ನಲ್ಲಿರುವ ಅಣ್ಣ ಫೋನಿನಲ್ಲಿ, ಹೇಳಿದರೆ ನಾಳೆಯಿಂದಲೇ ಊಟ ಬಿಡುತ್ತಾಳೆ, ಬಾಯಿ ಮುಚ್ಚಿಕೊಂಡಿರು ಎಂದ. ಅಪ್ಪನಿಗೆ ಶ್ವಾಸಕೋಶ ಕೆಟ್ಟಾಗ ಅಮ್ಮನೂ ಇದನ್ನೇ ಮಾಡಿದ್ದಳು. ಬರೀ ಹಳೆಯ ಕೆಮ್ಮು ಎಂದು ಕೊನೆಯವರೆಗೂ ನಂಬಿಸಿದ್ದಳು. ಹೀಗೆ ಅಮ್ಮನ ಹೊಟ್ಟೆಯ ಸಂಗತಿ ಡಾಕ್ಟರಿಗೆ ಗೊತ್ತಿತ್ತು, ನನಗೆ, ಅಣ್ಣನಿಗೆ, ಅತ್ತಿಗೆಗೆ, ತಮಗೆ ಗೊತ್ತಿತ್ತು. ಹೊಟ್ಟೆ ಯಾರದೋ ಅವಳೊಬ್ಬಳಿಗೆ ಬಿಟ್ಟು.

ಜೂನ್ ತಿಂಗಳ ಆ ದಿನ ನಾವು ಮೊದಲ ಬಸ್ಸಿಗೆ ಹೊರಟಿದ್ದೆವು. ಗದ್ದೆಯಲ್ಲಿ ಬೆಳ್ಳುಳ್ಳಿ ಕೀಳದೆ ಹಾಗೇ ನಿಂತಿತ್ತು, ಮಳೆ ತಲೆಯ ಮೇಲಿತ್ತು. ಬಸ್ ನಿಲ್ದಾಣದಲ್ಲಿ ಅಮ್ಮನಿಗೆ ಬಾರ್ಲಿ ನೀರಿನ ಕೆಳಗೆ ಗ್ಯಾಸ್ ಆರಿಸಿಲ್ಲವೆಂದು ನೆನಪಾಯಿತು. ನಾನೇ ಹೋಗುತ್ತೇನೆಂದರೂ ಕೇಳದೆ ಅವಳೇ ಹಿಂತಿರುಗಿದಳು. ಬಸ್ಸು ಬಂತು, ಹೋಯಿತು. ಬಸ್ಸು ದಾಟಿದ್ದನ್ನು ತಾವು ಕಿಟಕಿಯಿಂದ ನೋಡಿದಿರಂತೆ. ನಾನು ನಿಲ್ದಾಣದಲ್ಲೇ ನಿಂತಿರುವಾಗ ನನ್ನ ತಲೆಯ ಮೇಲಿನ ಹಾರ್ನ್ ಕೆಮ್ಮಿತು.

“ಆ, ಆ, ಮೈಕ್ ಕೇಳ್ತಿದೆಯಾ. ಊರಿನವರೇ, ಗೊಬ್ಬರ ಬಂದಿದೆ, ಮಧ್ಯಾಹ್ನದೊಳಗೆ ತಗೊಂಡು ಹೋಗಿ. ಇನ್ನೊಂದು ವಿಷಯ. ಹ್ವಾಸಾನ್‌ನವಳು ಈಗಷ್ಟೇ ದೇಗುವಿಗೆ ಬಸ್ಸು ಹತ್ತಿದಳು, ಅದಕ್ಕೇ ಈಗ ಹೇಳ್ತಿದ್ದೀನಿ. ಅವಳಿಗೆ ಹೊಟ್ಟೆ ಕ್ಯಾನ್ಸರ್ ಅಂತೆ, ಬಹಳ ದಿನ ಇಲ್ಲವಂತೆ. ಅವಳಿಗೆ ಇದು ಗೊತ್ತಿಲ್ಲ. ಆದ್ದರಿಂದ ಎಲ್ಲರೂ ಏನೂ ಗೊತ್ತಿಲ್ಲದ ಹಾಗೆ ಇರಿ. ಸಂಜೆ ಅವಳು ಬರೋದ್ರೊಳಗೆ ಅವರ ಬೆಳ್ಳುಳ್ಳಿ ಕಿತ್ತು ಕಟ್ಟಿಬಿಡೋಣ. ಕೈಗವಸು ನೀವೇ ತನ್ನಿ.”

ಆಮೇಲೆ, ಯಾವ ಹ್ವಾಸಾನ್‌ನವಳು ಎಂದು ಯಾರೂ ತಪ್ಪು ತಿಳಿಯದಿರಲೆಂದು, “ತಾಕ್ ಮಾಲ್‌ಸೂನ್, ಮೇಲಿನ ಕೇರಿ” ಎಂದು ಸೇರಿಸಿದಿರಿ. ತವರೂರಾದ ಹ್ವಾಸಾನ್‌ನಿಂದ ಮದುವೆಯಾಗಿ ಬಂದ ದಿನದಿಂದ ಅಮ್ಮನನ್ನು ಈ ಊರಿನಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆದದ್ದಿಲ್ಲ. ಅವಳಿಗೆ ಒಂದು ಹೆಸರಿದೆ ಎಂದು ಊರಿಗೆ ಗೊತ್ತಾದದ್ದು ಹೀಗೆ.

ನಾನು ಮನೆಗೆ ಓಡಿದೆ. ಅಮ್ಮ ಅಡುಗೆಮನೆಯಲ್ಲಿ, ತಮ್ಮ ಪೆಟ್ಟಿಗೆಯ ನೇರ ಕೆಳಗೆ, ಬೆನ್ನು ನನ್ನ ಕಡೆ ಮಾಡಿ ನಿಂತು ಕೆಟಲಿನ ಮುಚ್ಚಳ ಒರೆಸುತ್ತಿದ್ದಳು. ಪೆಟ್ಟಿಗೆಯಲ್ಲಿ ಏನು ಬಂತು ಎಂದು ಕೇಳಿದೆ. ಅಮ್ಮ ತಿರುಗದೆ ಹೇಳಿದಳು:

“ಗೊಬ್ಬರ ಬಂದಿದೆಯಂತೆ.”

ಅಷ್ಟೇ. ಅವಳು ಸದ್ದು ತಗ್ಗಿಸಿಟ್ಟಿರಬೇಕು, ನೀರು ಬಿಟ್ಟುಕೊಂಡಿರಬೇಕು, ಉಳಿದದ್ದು ಕೇಳಿರಲಾರದು ಎಂದು ನಾನು ನಂಬಿದೆ. ನಂಬದಿದ್ದರೆ ಏನು ಮಾಡಬೇಕಿತ್ತು ಎಂದು ತಾವೇ ಹೇಳಿ. ಎರಡನೆಯ ಬಸ್ಸಿಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಸಂಜೆ ಬಂದೆವು. ಗದ್ದೆ ಖಾಲಿಯಾಗಿತ್ತು. ನಮ್ಮ ಕೊಟ್ಟಿಗೆಯ ಸೂರಿನ ತುಂಬ ಬೆಳ್ಳುಳ್ಳಿಯ ಗೊಂಚಲುಗಳು ಸಾಲಾಗಿ ತೂಗುತ್ತಿದ್ದವು. ಮುಂದಿನ ವಾರ ಮಳೆ ಹಿಡಿದು ಕೆಳಗಿನ ಊರಿನಲ್ಲಿ ಗದ್ದೆಗದ್ದೆಯೇ ಕೊಳೆಯಿತು. ನಮ್ಮದು ಮಾತ್ರ ಒಂದು ಗೆಡ್ಡೆಯೂ ಕೆಡಲಿಲ್ಲ. ಈಗ ನಾನು ತಮ್ಮನ್ನು ಬಯ್ಯುವುದು ಹೇಗೆ? ಬಯ್ಯಲು ಬಾಯಿ ತೆರೆದರೆ ತಾವು ಕಟ್ಟಿದ ಗೊಂಚಲು ಕಣ್ಣಿಗೆ ಬೀಳುತ್ತದೆ. ಧನ್ಯವಾದ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ.

ಅಂದಿನಿಂದ ನಮ್ಮ ಊರು ಏನೂ ಗೊತ್ತಿಲ್ಲದ ಹಾಗೆ ಇರುವುದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದೆ. ತಮ್ಮ ಯಾವ ಆಜ್ಞೆಯನ್ನೂ ಜನ ಇಷ್ಟು ನಿಷ್ಠೆಯಿಂದ ಪಾಲಿಸಿದ್ದಿಲ್ಲ. ಬಾಗಿಲಲ್ಲಿ ಕಾಯಿಲೆಯವರಿಗೆ ಮಾಡುವ, ದುಬಾರಿ ಅಬಲೋನಿ ಚಿಪ್ಪಿನ ಗಂಜಿ ಇಟ್ಟು ಹೋಗುತ್ತಾರೆ, ಯಾಕೆ ಎಂದರೆ ಜಾಸ್ತಿಯಾಗಿತ್ತು ಎನ್ನುತ್ತಾರೆ. ಅಬಲೋನಿ ಜಾಸ್ತಿಯಾಗುವ ಮನೆ ನಮ್ಮ ಊರಿನಲ್ಲಿ ಯಾವುದಿದೆ, ಸ್ವಾಮಿ? ಮೆಣಸಿನ ಸಸಿಯ ಜಗಳದಲ್ಲಿ ಮಾತು ಬಿಟ್ಟವರು ಬಂದು ಮಾತಾಡಿಸುತ್ತಾರೆ. ಅಮ್ಮ ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ನಮ್ಮ ಊರಿನಲ್ಲಿ ಇದು ಸಹಜವೇ?

ಮುಖ್ಯವಾದ ಮಾತು ಈಗ ಬರುತ್ತದೆ. ಅಮ್ಮ ದಿನಾ ಮಧ್ಯಾಹ್ನ ಹಿರಿಯರ ಭವನಕ್ಕೆ, ಇಸ್ಪೀಟಿನಂಥ ಹ್ವಾತು ಎಲೆಯಾಟಕ್ಕೆ ಹೋಗುತ್ತಾಳೆ. ಎದುರಿಗೆ ಯಾವಾಗಲೂ ಓಕ್ಸಾನ್‌ನವಳು. ಅಮ್ಮ ಮೋಸ ಮಾಡುತ್ತಾಳೆ. ಒಳ್ಳೆಯ ಎಲೆಯೊಂದನ್ನು ಮಂಡಿಯ ಕೆಳಗೆ ಸೇರಿಸುತ್ತಾಳೆ. ಇದು ನನಗೂ ಗೊತ್ತು, ತಮಗೂ ಗೊತ್ತು. ಓಕ್ಸಾನ್‌ನವಳು ಅದನ್ನು ಹಿಡಿಯುತ್ತಾಳೆ, ಹಿಡಿದು ಅಮ್ಮನ ತೊಡೆಗೆ ಬಾರಿಸುತ್ತಾಳೆ, ಅಮ್ಮ ಅವಳ ಏಳು ತಲೆಮಾರನ್ನು ಜಾಲಾಡುತ್ತಾಳೆ. ಆ ಇಬ್ಬರೂ ವಿಧವೆಯರಾದ ಮೇಲೆ ಅವರನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿದ್ದು ಈ ಜಗಳವೇ ಎಂದು ನಾನು ನಂಬುತ್ತೇನೆ. ಜುಲೈ ತಿಂಗಳಿಂದ ಅಮ್ಮ ದಿನಾ ಗೆದ್ದು ಬರತೊಡಗಿದಳು, ಮತ್ತು ದಿನದಿಂದ ದಿನಕ್ಕೆ ಮಂಕಾದಳು. ಔಷಧದ ಪರಿಣಾಮವೆಂದು ನಾನು ಡಾಕ್ಟರಿಗೆ ವರದಿ ಒಪ್ಪಿಸಿದೆ.

ಹೋದ ವಾರ ಅಮ್ಮ ಆಟದ ನಡುವೆಯೇ ಎದ್ದು ಬಂದಳು. ಜಗಲಿಯ ಮೇಲೆ ಕೂತು ಚಪ್ಪಲಿಯನ್ನೂ ಬಿಡದೆ ನನ್ನನ್ನು ಕರೆದಳು.

“ಮ್ಯೊಂಗ್‌ಹೀ, ಇವತ್ತು ಮಂಡಿ ಕೆಳಗಿಂದ ಎಲೆ ಜಾರಿ ಹೊರಗೆ ಬಿತ್ತು ಕಣೇ. ಅವಳ ಮುಂದೇನೇ ಬಿತ್ತು. ಅವಳು ನೋಡಿದ್ಲು. ನೋಡಿ, ಕಿಟಕಿ ಕಡೆ ತಿರುಗಿದ್ಲು. ಕಿಟಕಿ ಆಚೆ ಏನಿದೆ ನೋಡೋಕೆ? ನಾನು ಅಲ್ಲೇ ಸತ್ತೆ ಅನ್ನಿಸ್ತು.”

ಅವಳಿಗೆ ಕಣ್ಣು ಮಂಜಾಗಿರಬೇಕು ಎಂದೆ. ಅಮ್ಮ ನನ್ನನ್ನೇ ನೋಡಿದಳು.

“ನನಗೆ ಎಲ್ಲಾ ಗೊತ್ತು. ಪೆಟ್ಟಿಗೆ ಹೇಳ್ತು. ಅದಕ್ಕಿಂತ ಮೊದಲೇ ಅನುಮಾನ ಇತ್ತು. ನಿಮ್ಮಪ್ಪನಿಗೆ ನಾನು ಹಳೇ ಕೆಮ್ಮು ಅಂದೆ, ನೀನು ನನಗೆ ಹಳೇ ಹುಣ್ಣು ಅಂದೆ. ಸುಳ್ಳನ್ನಾದ್ರೂ ಹೊಸದು ಹೇಳಬಾರದಿತ್ತಾ?”

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಊರವರು ಅಷ್ಟೊಂದು ಕಷ್ಟಪಟ್ಟು ನಟಿಸುತ್ತಿದ್ದರು, ತನಗೆ ಗೊತ್ತು ಎಂದರೆ ಅವರಿಗೆಲ್ಲ ಮುಜುಗರ, ಬೆಳ್ಳುಳ್ಳಿಯನ್ನೂ ಕಿತ್ತುಕೊಟ್ಟಿದ್ದಾರೆ ಎಂದಳು. ನಾನು ಅತ್ತೆ. ಅವಳು ಅಳಲಿಲ್ಲ. ಅಪ್ಪನಿಗೂ ಎಲ್ಲ ಗೊತ್ತಿದ್ದಿರಬೇಕು ಎಂದು ಈಗ ಅನ್ನಿಸುತ್ತಿದೆ ಎಂದಷ್ಟೇ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದಳು.

ಕಾಯಿಲೆಯನ್ನು ಬಚ್ಚಿಡಬೇಕೋ ಹೇಳಬೇಕೋ ಎಂದು ತಿಳಿದವರು ವಾದಿಸುತ್ತಾರೆ, ಮಾನ್ಯರೇ. ನಾನು ಬಚ್ಚಿಟ್ಟೆ, ಅಮ್ಮನನ್ನು ಅವಳ ಭಯದ ಜೊತೆ ಒಂಟಿಯಾಗಿ ಬಿಟ್ಟೆ. ತಾವು ಸಾರಿದಿರಿ, ಜನರ ನಡುವೆಯೇ ಅವಳನ್ನು ಒಂಟಿ ಮಾಡಿದಿರಿ. ಇಬ್ಬರ ಉದ್ದೇಶವೂ ಚಿನ್ನದಂಥದ್ದು. ಆದರೆ ನಾನು ಬಚ್ಚಿಡುವ ಮೊದಲು ಅವಳನ್ನು ಕೇಳಿದೆನೇ? ಹೇಳಬೇಕೋ ಬೇಡವೋ, ಯಾರಿಗೆ ಮೊದಲು, ಯಾವ ಮಾತಿನಲ್ಲಿ, ಇದೆಲ್ಲ ಅವಳ ಹಕ್ಕಾಗಿತ್ತು. ಸಾವಿನ ಮುಂದೆ ಮನುಷ್ಯನಿಗೆ ಹೆಚ್ಚಿನ ಅಧಿಕಾರವೇನೂ ಉಳಿದಿರುವುದಿಲ್ಲ. ಉಳಿದಿದ್ದ ಇಷ್ಟನ್ನೂ ನಾನು ತಮಗೆ ಕೊಟ್ಟೆ, ತಾವು ಊರಿಗೆ ಹಂಚಿದಿರಿ. ಅದನ್ನು ಮನೆಮನೆಗೆ ಹೋಗಿ ವಾಪಸು ಕೇಳುವುದು ಹೇಗೆಂದು ನನಗೆ ತಿಳಿಯದು. ನಿಜ ಹೇಳಬೇಕೆಂದರೆ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ. ಅವಳ ಹೊಟ್ಟೆಯ ವಿಷಯದಲ್ಲಿ ಡಾಕ್ಟರ ಕೈಯಲ್ಲೂ ಏನೂ ಆಗುವುದಿಲ್ಲ.

ಈ ಪತ್ರ ಅಮ್ಮನ ಅಪ್ಪಣೆಯಿಂದ ಅಚ್ಚಾಗುತ್ತಿದೆ. ಓದಿ ಹೇಳಿದೆ, ಕೇಳಿದಳು. ಹೆಸರು ತೆಗೆಯಲೇ ಎಂದು ಕೇಳಿದ್ದಕ್ಕೆ, “ಇರಲಿ ಬಿಡು, ಈ ಸಲ ನನ್ನನ್ನ ಕೇಳಿ ಹಾಕ್ತಿದ್ದೀಯಲ್ಲ” ಎಂದಳು. ತಮ್ಮ ಮೇಲೆ ಕ್ರಮ ಕೈಗೊಳ್ಳಬೇಕೆಂದು ನಾನು ಬರೆದಿದ್ದ ಸಾಲನ್ನು ಅವಳೇ ಹೊಡೆದುಹಾಕಿಸಿದಳು. ಆದ್ದರಿಂದ ಬೇಡಿಕೆ ಒಂದೇ ಇದೆ, ಅದೂ ಅವಳದೇ.

ನಾಳೆ ಬೆಳಿಗ್ಗೆ ತಾವು ಮೈಕಿನ ಮುಂದೆ ಕೂರಬೇಕು. ಗೊಬ್ಬರದ ವಿಷಯವಿದ್ದರೆ ಮೊದಲು ಅದನ್ನೇ ಹೇಳಿ, ತೊಂದರೆಯಿಲ್ಲ. ಆಮೇಲೆ ಹ್ವಾಸಾನ್‌ನವಳಿಗೆ ಎಲ್ಲ ಗೊತ್ತಿದೆ, ಇನ್ನು ಯಾರೂ ನಟಿಸಬೇಕಾಗಿಲ್ಲ, ಗಂಜಿಗೆ ಉಪ್ಪು ಸಾಲದು ಎಂದು ಸಾರಬೇಕು. ಕೊನೆಯಲ್ಲಿ ಓಕ್ಸಾನ್‌ನವಳಿಗೆ, ಅವಳ ಹೆಸರು ಹಿಡಿದು, ಮಧ್ಯಾಹ್ನ ಆಟಕ್ಕೆ ಬಂದಾಗ ಕಿಟಕಿಯ ಕಡೆ ನೋಡಕೂಡದೆಂದು ಹೇಳಬೇಕು. ಅಮ್ಮ ಎಲೆಯನ್ನು ಮಂಡಿಯ ಕೆಳಗೆ ಇಟ್ಟುಕೊಂಡು ಕೂತಿರುತ್ತಾಳೆ.

ಇಂತಿ,
ತಮ್ಮ ಕಚೇರಿಯಲ್ಲಿ ಬಾಗಿಲು ಮುಚ್ಚಿ, ದನಿ ತಗ್ಗಿಸಿ ಮಾತಾಡಿದ್ದ
ತಾಕ್ ಮಾಲ್‌ಸೂನ್‌ಳ ಮಗಳು
ಪ್ಯೊ ಮ್ಯೊಂಗ್‌ಹೀ, ಮೇಲಿನ ಕೇರಿ, ಬಾಮ್‌ಗೋಲ್