ಬೈಂಡಿಂಗಿಗೆ ಹೋಗದ ಸಂಪುಟ

ಮೇಷ್ಟ್ರೇ,

ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕೈ ತಾನಾಗಿಯೇ ಬರೆಯಹೊರಟು ನಿಂತಿತು. ನೀವು ಹೋಗಿ ಒಂದು ವರ್ಷ ತುಂಬಿತು. ನಿಮಗೆ ಹೇಳಬೇಕಾಗಿದ್ದ ಒಂದು ವಿಷಯವನ್ನು ನಾನು ಹೇಳದೆ ಉಳಿಸಿಕೊಂಡಿದ್ದೇನೆ. ಎದುರಿಗೆ ಕೂತು ಹೇಳುವ ಕಾಲದಲ್ಲಿ ಬಾಯಿ ಬರಲಿಲ್ಲ. ಈಗ ಬರೆದರೆ ಯಾರಿಗೆ ಏನು ಉಪಯೋಗವೋ ತಿಳಿಯದು. ಆದರೂ ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯ ಲೈಬ್ರರಿಗೆ ಕೆಲಸಕ್ಕೆ ಬಂದ ಮೊದಲ ವಾರ ನಿಮಗೆ ನೆನಪಿದೆಯೆ? ನಮ್ಮೂರು ಕೆಸರೆಯಿಂದ ನಡೆದುಕೊಂಡು ಬರುತ್ತಿದ್ದೆ. ನಮ್ಮ ರೈತರ ಮನೆಯಲ್ಲಿ ಹೈಸ್ಕೂಲು ಮುಗಿಸಿದವಳು ನಾನೊಬ್ಬಳೇ ಎಂಬ ಜಂಬ ಬೇರೆ. ಯಾರೋ ಚಿಕ್ಕ ವಯಸ್ಸಿನ ಡಾಕ್ಟರು ವಿಷಗಳ ಬಗ್ಗೆ ಇರುವ ಪುಸ್ತಕ ಕೇಳಿದರು. ನಾನು, 'ನಿಮಗೆ ಅದು ಯಾತಕ್ಕೆ?' ಎಂದುಬಿಟ್ಟೆ. ನೀವು ಎದ್ದು ಬಂದು ಪುಸ್ತಕ ತೆಗೆದುಕೊಟ್ಟು, ಆತ ಹೋದ ಮೇಲೆ ಕೂರಿಸಿಕೊಂಡು ಹೇಳಿದಿರಿ. "ಯಾತಕ್ಕೆ ಅಂತ ಕೇಳ್ಬಾರ್ದು ಕಣಮ್ಮ. ಓದೋರಿಗೆ ಬೇಕು, ನಮ್ಮತ್ರ ಇದೆ, ಕೊಡ್ಬೇಕು. ಅದು ಅವರಿಗೆ ಒಳ್ಳೇದೋ ಕೆಟ್ಟದ್ದೋ ಅಂತ ತೂಗೋಕೆ ನಾವ್ಯಾರು?" ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿ ಬಂದವರಾದ್ದರಿಂದ ದೊಡ್ಡ ಡಾಕ್ಟರುಗಳೂ ನಿಮ್ಮನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವತ್ತಿನಿಂದ ನಾನೂ ಹಾಗೆಯೇ ಕರೆದೆ.

ಏಕೀಕರಣವಾದ ಮರುವರ್ಷ ಮದರಾಸಿನ ತರಬೇತಿಯ ಆರ್ಡರು ಬಂತು. ಆಸ್ಪತ್ರೆಯ ಲೈಬ್ರರಿಗಳಲ್ಲಿ ಕೆಲಸ ಮಾಡುವವರಿಗೆಂದೇ ಮೂರು ತಿಂಗಳ ಪಾಠ. ಅದಕ್ಕಾಗಿ ನೀವು ಎಷ್ಟು ಅರ್ಜಿ ಬರೆದಿದ್ದಿರಿ! "ಹೊಸ ಔಷಧಿ ಬಂದ್ರೆ ಡಾಕ್ಟರುಗಳಿಗೆ ಕಲಿಸ್ತಾರೆ, ನರ್ಸಮ್ಮಂದಿರಿಗೂ ಕಲಿಸ್ತಾರೆ. ನಮಗೆ ಮಾತ್ರ ಕೆಲಸಕ್ಕೆ ಸೇರಿದ ದಿನ ಏನು ಗೊತ್ತಿತ್ತೋ ಅಷ್ಟೇ ಸಾಯೋಗಂಟ" ಎಂದು ಎಷ್ಟು ಸಲ ಗೊಣಗಿದ್ದಿರಿ! ಆರ್ಡರಿನಲ್ಲಿದ್ದದ್ದು ನಿಮ್ಮ ಹೆಸರು. ನೀವೇ ಸೂಪರಿಂಟೆಂಡೆಂಟರ ಹತ್ತಿರ ಹೋಗಿ ಅದನ್ನು ಹೊಡೆಸಿ ನನ್ನ ಹೆಸರು ಹಾಕಿಸಿದಿರಿ. ನನ್ನ ಅಣ್ಣ, ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವುದಿಲ್ಲ ಎಂದಾಗ ಕೆಸರೆಗೇ ಬಂದು ಜಗುಲಿಯ ಮೇಲೆ ಕೂತಿರಿ. "ನನಗೆ ವಯಸ್ಸಾಯ್ತು ಕಣಪ್ಪ. ಈ ಕುರ್ಚೀಲಿ ಇನ್ನೂ ಎಷ್ಟೋ ವರ್ಷ ಕೂರೋಳು ಇವಳು. ಕಲಿತ್ಕೊಂಡು ಬಂದ್ಬುಡ್ಲಿ" ಎಂದಿರಿ. ನಮ್ಮವ್ವ ಕೊಟ್ಟ ಮಜ್ಜಿಗೆಯ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದಿರಿ. ಹಿರಿಯಳಿಗೆ ತೋರಿಸುವ ಮರ್ಯಾದೆ ಎಂದುಕೊಂಡೆ. ಆಗಲೇ ನಿಮ್ಮ ಬಲಗೈಯ ಬೆರಳುಗಳು ಪೆನ್ನು ಹಿಡಿಯಲಾರದಷ್ಟು ಸೋತಿದ್ದವು, ಪಾಠ ಬರೆದುಕೊಳ್ಳಲಾರೆ ಎಂಬುದಕ್ಕೇ ನನ್ನನ್ನು ಕಳಿಸಿದಿರಿ ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಮದರಾಸಿನಿಂದ ವಾರವಾರ ನಿಮಗೆ ಬರೆದೆ. ಲೋಕದ ವೈದ್ಯ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನೆಲ್ಲ ಪಟ್ಟಿ ಮಾಡುವ ದಪ್ಪ ಸೂಚಿಯನ್ನು ತೆರೆಯುವುದು ಹೇಗೆ, ಒಂದೇ ಕಾಯಿಲೆ ಮೂರು ಹೆಸರಿನಲ್ಲಿ ಅಡಗಿರುವುದು ಹೇಗೆ, ನಮ್ಮಲ್ಲಿಲ್ಲದ ಲೇಖನವನ್ನು ಬೇರೆ ಊರಿನ ಲೈಬ್ರರಿಯಿಂದ ನಕಲು ಮಾಡಿ ತರಿಸುವುದು ಹೇಗೆ, ಎಲ್ಲ ಬರೆದೆ. ನಮ್ಮಲ್ಲೂ ಆ ಸೂಚಿ ಇತ್ತಲ್ಲ ಮೇಷ್ಟ್ರೇ, ಮೇಲಿನ ಬೀರುವಿನಲ್ಲಿ! ನಾವಿಬ್ಬರೂ ಅದರ ಧೂಳು ಒರೆಸುತ್ತಿದ್ದೆವು, ಅಷ್ಟೆ. ನಿಮ್ಮ ಉತ್ತರಗಳು ಬರಬರುತ್ತ ಚಿಕ್ಕವಾದವು. ಕೊನೆಯದು ನಿಮ್ಮ ಮನೆಯವರು ಗೌರಮ್ಮನವರ ಅಕ್ಷರದಲ್ಲಿತ್ತು. ಕಣ್ಣು ನೋವು ಎಂದು ಬರೆಸಿದ್ದಿರಿ.

ನಾನು ವಾಪಸು ಬಂದ ಮೂರನೆಯ ದಿನ ನರಗಳ ಕಾಯಿಲೆ ನೋಡುವ ಡಾಕ್ಟರು ಒಂದು ಚೀಟಿ ಹಿಡಿದು ಬಂದರು. ಅದರಲ್ಲಿ ಒಂದು ಕಾಯಿಲೆಯ ಉದ್ದನೆಯ ಹೆಸರು. ಇದಕ್ಕೆ ಹೊಸದಾಗಿ ಏನಾದರೂ ಚಿಕಿತ್ಸೆ ಬಂದಿದೆಯೇ ನೋಡಬೇಕು ಎಂದರು. ನಿಮ್ಮ ಮುಖ ನೋಡದೆ ಕಿಟಕಿಯ ಕಡೆ ತಿರುಗಿ ಮಾತಾಡಿದರು. "ತಾಯಮ್ಮ, ಏನ್ ಕಲಿತ್ಕೊಂಡ್ ಬಂದಿದ್ದೀಯ ತೋರ್ಸು, ನೋಡ್ತೀನಿ" ಎಂದು ನೀವು ನನ್ನ ಪಕ್ಕ ಬಂದು ನಿಂತಿರಿ. ನನಗೋ ಸಂಭ್ರಮ. ಮೊದಲ ಹೆಸರಿನಲ್ಲಿ ಸಿಗಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು. ಇಂಗ್ಲೆಂಡಿನ ಪತ್ರಿಕೆಯೊಂದರ ದೊಡ್ಡ ಲೇಖನ. ನಮ್ಮಲ್ಲಿಲ್ಲ, ಮದರಾಸಿನಲ್ಲಿದೆ, ನನ್ನ ಜೊತೆ ಕಲಿತವಳು ಅಲ್ಲೇ ಇದ್ದಾಳೆ, ಟೈಪು ಮಾಡಿಸಿ ಕಳಿಸುತ್ತಾಳೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. "ಶಭಾಷ್" ಎಂದಿರಿ. "ಯಾರಿಗೆ ಸಾರ್ ಈ ಕಾಯಿಲೆ?" ಎಂದು ನಾನು ಡಾಕ್ಟರನ್ನು ಕೇಳಿದೆ. "ಕೇಳ್ಬಾರ್ದು ಅಂದಿಲ್ವಾ?" ಎಂದು ನೀವೇ ನಕ್ಕಿರಿ. ಆ ನಗು ಹೇಗೆ ಬಂತು ನಿಮಗೆ?

ಗೌರಮ್ಮನವರು ಹೇಳಿದ್ದು ಆ ಭಾನುವಾರ. ಮದರಾಸಿನಿಂದ ತಂದಿದ್ದ ಕುಂಕುಮದ ಭರಣಿ ಕೊಡಲು ಜಯಲಕ್ಷ್ಮಿಪುರದ ನಿಮ್ಮ ಮನೆಗೆ ಬಂದಿದ್ದೆ. ನೀವು ಒಳಗೆ ಮಲಗಿದ್ದಿರಿ. ಅವರು ಹಿತ್ತಲಿನ ಬಾಗಿಲಲ್ಲಿ ನಿಂತು, "ಅಂಗಿ ಗುಂಡಿ ನಾನೇ ಹಾಕ್ತೀನಿ ಕಣಮ್ಮ ಈಗ. ಅದೇನೋ ನರ ಸೊರಗೋ ಕಾಯಿಲೆಯಂತೆ. ನೀನೇನೋ ಕಾಗದ ತರಿಸ್ತಿದ್ದೀಯಂತಲ್ಲ, ಅದ್ರಲ್ಲಿ ಔಷಧಿ ಇರುತ್ತಂತೆ" ಎಂದರು. ಭರಣಿ ಅವರ ಕೈಗಿಟ್ಟು ನಿಮ್ಮನ್ನು ನೋಡದೆಯೇ ಹೊರಟುಬಂದೆ. ದಾರಿಯುದ್ದಕ್ಕೂ ಆ ನನ್ನ ಸಂಭ್ರಮವೇ ಕಣ್ಣ ಮುಂದೆ.

ಲೇಖನ ಬಂದದ್ದು ಒಂದು ಮಂಗಳವಾರ. ಹೌದು ಮೇಷ್ಟ್ರೇ, ಬಂತು. ನೀವು ಅವತ್ತು ರಜೆ. ಎರಡು ಪ್ರತಿಗಳಿದ್ದ ಲಕೋಟೆ ಒಡೆದು ನಿಂತಲ್ಲೇ ಓದಿದೆ. ಅರ್ಧ ಇಂಗ್ಲಿಷು ನನಗೆ ತಿಳಿಯದಿದ್ದರೂ ತಿಳಿಯಬೇಕಾದ್ದು ತಿಳಿಯಿತು. ಕೈಯಿಂದ ಶುರುವಾಗಿ ಕಾಲಿಗೆ, ನಾಲಿಗೆಗೆ, ಕೊನೆಗೆ ಉಸಿರಿಗೆ ಬರುತ್ತದೆ. ಬುದ್ಧಿ ಕಡೆಯವರೆಗೆ ತಿಳಿಯಾಗಿರುತ್ತದೆ. ಸದ್ಯಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಮಾತು ಬೇಗ ಹೋಗಬಹುದು, ಆದ್ದರಿಂದ ರೋಗಿ ಹೇಳಬೇಕಾದದ್ದನ್ನು ಮುಂಚಿತವಾಗಿ ಹೇಳಿಕೊಳ್ಳಲು ಅವಕಾಶ ಮಾಡಿಕೊಡಬೇಕು ಎಂದೂ ಒಂದು ಮಾತಿತ್ತು. ಡಾಕ್ಟರು ಓದಿ ಕನ್ನಡಕ ತೆಗೆದರು. "ನಾನು ಅಂದ್ಕೊಂಡಿದ್ದೇ ಇದೆ. ಇನ್ನೊಂದು ಪ್ರತಿ ತಮಗೇ ಬೇಕು ಅಂತ ಮೇಷ್ಟ್ರು ಅಂದಿದ್ದಾರೆ. ಕೊಟ್ಬಿಡಿ ತಾಯಮ್ಮ. ನಾನು ಆಮೇಲೆ ಬಂದು ಮಾತಾಡ್ತೀನಿ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪಿದವಳು ನಾನು.

ಮಾರನೆಯ ದಿನ ನೀವು ಬಂದು ಛತ್ರಿಯನ್ನು ಎಡಗೈಯಲ್ಲಿ ಮೂಲೆಗಿಟ್ಟು ಮೊದಲು ಕೇಳಿದ್ದೇ ಅದನ್ನು. "ಬಂತಾ?" ಲಕೋಟೆ ನನ್ನ ಮೇಜಿನ ಡ್ರಾಯರಿನಲ್ಲಿತ್ತು. "ಇನ್ನೂ ಇಲ್ಲ ಮೇಷ್ಟ್ರೇ" ಎಂದೆ. ಯೋಚಿಸಿ ಆಡಿದ ಸುಳ್ಳಲ್ಲ, ಬಾಯಿಂದ ಬಂದುಹೋಯಿತು. ನಾಳೆ ಹೇಳೋಣ, ನಾಡಿದ್ದು ಹೇಳೋಣ... ಮುಂದಿನ ವಾರ ಮತ್ತೆ ಕೇಳಿದಿರಿ. ಅಂಚೆ ತಡ ಎಂದೆ. ಅದರ ಮುಂದಿನ ವಾರ ಕೇಳಿದಾಗ, "ಮದರಾಸಿನಲ್ಲಿ ಆ ಸಂಪುಟ ಬೈಂಡಿಂಗಿಗೆ ಹೋಗಿದೆಯಂತೆ" ಎಂದೆ. ಲೈಬ್ರರಿಯವರು ನಂಬುವ ಸುಳ್ಳನ್ನೇ ಹುಡುಕಿ ಹೇಳಿದೆ ನೋಡಿ! "ಬೈಂಡಿಂಗಿಗೆ ಹೋದದ್ದು ಯಾವತ್ತು ಬೇಗ ಬಂದಿದೆ" ಎಂದು ನೀವು ತಲೆಯಾಡಿಸಿದಿರಿ. ಡಾಕ್ಟರು ವಿಚಾರಿಸಿದಾಗ, "ಕೊಟ್ಟೆ ಸಾರ್, ಅದರ ಮಾತು ಎತ್ತಬೇಡಿ ಅಂದ್ರು" ಎಂದೆ. ಒಂದು ಸುಳ್ಳಿಗೆ ಇನ್ನೊಂದು ಕಾವಲು.

ಒಂದು ದಿನ ನಿಮ್ಮ ಕೈಯಿಂದ ಮೊದಲ ಸಲ ಪುಸ್ತಕಪಟ್ಟಿಯ ಕಾರ್ಡುಗಳು ಜಾರಿ ನೆಲದ ತುಂಬ ಹರಡಿದವು. ನಾನು ಆರಿಸಿಕೊಟ್ಟೆ. ಆಮೇಲೆ ನೀವು ರಜೆಯ ಮೇಲೆ ಮನೆಯಲ್ಲೇ ಉಳಿದಿರಿ. ನಾನು ಶನಿವಾರ ಶನಿವಾರ ಬರುತ್ತಿದ್ದೆ. ಬಾಗಿಲಿಗೆ ಬಂದಾಗಲೇ ನಿಮ್ಮ ಕಣ್ಣು ನನ್ನ ಕೈಚೀಲದ ಮೇಲೆ ಬೀಳುತ್ತಿತ್ತು. ನಿಮ್ಮ ಮಾತು ತೊದಲಿತು. ಆಮೇಲೆ ಗೌರಮ್ಮನವರಿಗೆ ಮಾತ್ರ ತಿಳಿಯುವಂತಾಯಿತು. ಆಮೇಲೆ ಅವರಿಗೂ ಇಲ್ಲ. ಆ ಹೊತ್ತಿಗೆ ಲೇಖನ ಕೊಟ್ಟು ಏನು ಮಾಡಲಿ? ಕೊಡದೆ ತಾನೇ ಏನು ಮಾಡಲಿ? ಲೇಖನದಲ್ಲಿ ಹೇಗಿತ್ತೋ ಅದೇ ಕ್ರಮದಲ್ಲಿ ಒಂದೊಂದೇ ಆಗುತ್ತಿತ್ತು. ಮುಂದೆ ಏನು ಬರುತ್ತದೆಂದು ನನಗೆ ಗೊತ್ತಿತ್ತು, ಯಾರ ಕಾಯಿಲೆಯೋ ಅವರಿಗೆ ಗೊತ್ತಿರಲಿಲ್ಲ.

ಮೊನ್ನೆ ನಿಮ್ಮ ವರ್ಷದ ತಿಥಿ. ಊಟದ ಎಲೆಗಳನ್ನು ತೆಗೆದ ಮೇಲೆ ಗೌರಮ್ಮನವರು ನನ್ನ ಹತ್ತಿರ ಕೂತರು. ಮಾತಿಗೆ ಮಾತು ಬಂದು ಹೇಳಿದರು. "ನರಸೀಪುರದಲ್ಲಿ ಇವರಕ್ಕ ಇದ್ದಾರಲ್ಲ, ತಾಯಿ ಹೋದ್ಮೇಲೆ ಇವರನ್ನ ಸಾಕಿದೋರು, ಅವರನ್ನ ನೋಡ್ಬೇಕು ಅಂತ ಒಂದೇ ಸಮ ಅನ್ನೋರು. ಆಕೆಗೆ ಎದ್ದು ಬರೋಕಾಗಲ್ಲ. ಬಸ್ಸಲ್ಲಿ ಕೂರೋ ಶಕ್ತಿ ಇವರಿಗಿನ್ನೂ ಇತ್ತು, ಹೋಗ್ಬುಟ್ಟು ಬರೋಣ ಅಂದೆ. ತಾಯಮ್ಮನ ಕಾಗದ ಬಂದ್ಬುಡ್ಲಿ, ವಾಸಿಯಾಗುತ್ತೋ ಇಲ್ವೋ ತಿಳ್ಕೊಂಡು ಹೋದ್ರೆ ಅಕ್ಕನಿಗೆ ಏನು ಹೇಳ್ಬೇಕು ಅನ್ನೋದು ಗೊತ್ತಾಗುತ್ತೆ ಅಂದ್ರು. ಆ ಕಾಗದ ಬರಲೇ ಇಲ್ಲ ನೋಡು." ಅವರ ದನಿಯಲ್ಲಿ ಆಕ್ಷೇಪಣೆಯೇ ಇರಲಿಲ್ಲ. "ಬರಲಿಲ್ಲ" ಎಂದು ನಾನೂ ಹೇಳಿದೆ, ಮೇಷ್ಟ್ರೇ. ಅವರ ಮುಖ ನೋಡಿಕೊಂಡೇ ಹೇಳಿದೆ.

ಈಗ ನೀವು ಕೇಳಿದ್ದ ತರಬೇತಿ ನಮ್ಮ ಮೈಸೂರಿನಲ್ಲೇ ಶುರುವಾಗಿದೆ. ಸುತ್ತಲ ಊರುಗಳ ಆಸ್ಪತ್ರೆಗಳಿಂದ ಲೈಬ್ರರಿ ನೋಡಿಕೊಳ್ಳುವವರು ಎರಡು ವಾರಕ್ಕೆ ಬಂದಿದ್ದಾರೆ, ಪಾಠ ಹೇಳುವವಳು ನಾನು. ಸೂಚಿ ನೋಡುವುದನ್ನು ಚೆನ್ನಾಗಿಯೇ ಕಲಿಸಿದೆ. ಗುರುವಾರ, ಕೇಳಿದವರಿಗೆ ಕೇಳಿದ್ದನ್ನು ಕೊಡಬೇಕು ಎಂದು ನಿಮ್ಮ ಮಾತನ್ನೇ ಹೇಳುತ್ತಿದ್ದಾಗ ಹಾಸನದಿಂದ ಬಂದ ಒಬ್ಬ ಹೆಂಗಸು ಎದ್ದು, "ಅದನ್ನ ಓದಿದ್ರೆ ಅವರಿಗೆ ನೋವಾಗುತ್ತೆ ಅಂತ ನಮಗೆ ಗೊತ್ತಿದ್ರೆ ಏನ್ ಮಾಡೋದಕ್ಕಾ?" ಎಂದಳು. ನಾನು ಪುಸ್ತಕ ಮುಚ್ಚಿ, ಇವತ್ತಿಗೆ ಸಾಕು ಎಂದೆ.

ನಿನ್ನೆ ಭಾನುವಾರ. ಬೆಳಗಿನ ಬಸ್ಸು ಹಿಡಿದು ನರಸೀಪುರಕ್ಕೆ ಹೋದೆ. ನಿಮ್ಮ ಅಕ್ಕ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಯಾರೆಂದು ಹೇಳಿದೆ. ಎಲ್ಲವನ್ನೂ ಹೇಳಿದೆ, ಲೇಖನ ಬಂದದ್ದು, ಮುಚ್ಚಿಟ್ಟದ್ದು, ನೀವು ಅದಕ್ಕಾಗಿ ಕಾದದ್ದು. ಅವರು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಕೇಳಿದರು, "ಅಂಗಾದ್ರೆ ಅವ್ನು ನನ್ ಮರ್ತಿರ್ಲಿಲ್ಲ?"

"ಇಲ್ಲಮ್ಮ. ಬರ್ಬೇಕು ಅಂತಲೇ ಇದ್ರು."

"ಬಂದಿದ್ರೆ ಏನ್ ಹೇಳ್ತಿದ್ನಮ್ಮ?"

ನನಗೆ ಗೊತ್ತಿಲ್ಲ ಎಂದೆ. ಅವರು ನನ್ನ ಕೈ ಹಿಡಿದುಕೊಂಡು, ನಾನು ಇನ್ನೂ ಏನೋ ಹೇಳುತ್ತೇನೆಂದು ಕಾಯುತ್ತಲೇ ಇದ್ದರು.

ಬರುವ ಭಾನುವಾರ ಜಯಲಕ್ಷ್ಮಿಪುರಕ್ಕೆ ಹೋಗಿ ಗೌರಮ್ಮನವರಿಗೂ ಹೇಳುತ್ತೇನೆ.

ತಾಯಮ್ಮ